ಬದುಕಿ ಬಂದವರ ಹೇಳಿಕೆ ಎಲ್ಲಿದೆ?

2015ರ ಮೇ 9ರ ಶನಿವಾರ, ದಕ್ಷಿಣ ಮುಂಬೈನ ಕಾಲಬಾದೇವಿಯಲ್ಲಿ ಗೋಕುಲ್ ನಿವಾಸ್ ಎಂಬ ಹಳೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ಬೆಂಕಿಯ ಜೊತೆ ಕಾದಾಟ ಮುಗಿಯುವ ಮೊದಲೇ ಕಟ್ಟಡ ಕುಸಿಯಿತು. ಮುಂಬೈ ಅಗ್ನಿಶಾಮಕ ದಳದ ಇಬ್ಬರು ಅಧಿಕಾರಿಗಳು, ಸಂಜಯ್ ರಾಣೆ ಮತ್ತು ಮಹೇಂದ್ರ ದೇಸಾಯಿ, ಅವಶೇಷದಡಿ ಸಿಕ್ಕಿ ಸತ್ತರು. ದಳದ ಮುಖ್ಯಸ್ಥ ಸುನೀಲ್ ನೇಸರಿಕರ್ ಮತ್ತು ಉಪ ಮುಖ್ಯ ಅಧಿಕಾರಿ ಸುಧೀರ್ ಅಮೀನ್ ಸುಟ್ಟ ಮೈಯಲ್ಲಿ ಹೊರಗೆ ಬಂದರು. ಅವರನ್ನು ಖಾಡಿಯಾಚೆ ಐರೋಲಿಯ ಸುಟ್ಟಗಾಯಗಳ ಆಸ್ಪತ್ರೆಗೆ ಸೇರಿಸಲಾಯಿತು. ಮೊದಲು ಅಮೀನ್ ಹೋದರು, ಆಮೇಲೆ ನೇಸರಿಕರ್. ಮೇ ತಿಂಗಳು ಮುಗಿಯುವುದರೊಳಗೆ ನಾಲ್ವರಲ್ಲಿ ಒಬ್ಬರೂ ಉಳಿದಿರಲಿಲ್ಲ.

ಅಮೀನ್ ಎಂಬ ಮನೆತನದ ಹೆಸರು ಉಡುಪಿ, ಮಂಗಳೂರು ಕಡೆಯ ಓದುಗರಿಗೆ ಹೊಸದೇನೂ ಅಲ್ಲ. ಆ ದಿನಗಳಲ್ಲಿ ಪತ್ರಿಕೆ ಓದಿದವರಿಗೆ ಈ ನಾಲ್ಕು ಹೆಸರು ನೆನಪಿರಬಹುದು, ನಾಲ್ಕು ಭಾವಚಿತ್ರಗಳೂ ನೆನಪಿರಬಹುದು. ಆದರೆ ಅಂದು ಆ ಗಲ್ಲಿಯಲ್ಲಿ ನಾಲ್ಕೇ ಜನ ಇರಲಿಲ್ಲ. ಪೈಪು ಹಿಡಿದವರಿದ್ದರು, ಪಂಪಿನ ಬಳಿ ನಿಂತವರಿದ್ದರು, ಏಣಿ ಹಾಕಿದವರಿದ್ದರು, ಅಧಿಕಾರಿಗಳ ಹಿಂದೆಮುಂದೆ ಓಡಾಡುತ್ತಿದ್ದವರಿದ್ದರು. ಅವರೆಲ್ಲ ತಮ್ಮ ತಮ್ಮ ಬಂಬ್‌ಖಾನೆಗೆ ವಾಪಸಾದರು. ಹಳೇ ಮುಂಬೈನವರು ಫೈರ್ ಸ್ಟೇಷನ್ನಿಗೆ ಹೇಳುವ ಹೆಸರು ಅದು. ಅಲ್ಲಿ ಪೈಪು ಒಣಗಿಸಲು ಹಾಕಿದರು, ಬೂಟು ತೊಳೆದರು, ಮುಂದಿನ ಕರೆಗೆ ಹೋದರು. ಕಟ್ಟಡ ಬೀಳುವ ಮುಂಚಿನ ಹತ್ತು ನಿಮಿಷದಲ್ಲಿ ಏನೇನಾಯಿತು ಎಂದು ಬಲ್ಲವರು ಅವರು ಮಾತ್ರ. ಬೆಂಕಿಯಿಂದಲೋ ಅವಶೇಷದಿಂದಲೋ ಹೊರಬಂದ ಅಗ್ನಿಶಾಮಕ ಸಿಬ್ಬಂದಿ ಕಂಡದ್ದು, ಕೇಳಿದ್ದು, ಅನುಭವಿಸಿದ್ದು ಸಾರ್ವಜನಿಕ ದಾಖಲೆಯಾಗಬೇಕು ಎಂಬ ಕಾನೂನು ಈ ದೇಶದಲ್ಲಿಲ್ಲ. ಇಲ್ಲದಿರುವುದು ಮರೆವಿನಿಂದಲ್ಲ. ಆ ಮಾತು ಹೊರಬಂದರೆ ಕಷ್ಟಕ್ಕೆ ಸಿಗುವವರು ಬಹಳ ಜನ.

ಸತ್ತವರಿಗೆ ಕೊಡಲು ಒಂದು ಪದ ಸಿದ್ಧವಾಗಿದೆ: ಹುತಾತ್ಮ. ಮುಂಬೈಗೆ ಈ ಪದ ಚೆನ್ನಾಗಿ ಗೊತ್ತು, ಅದರ ಹೆಸರಿನ ಚೌಕವೇ ಇದೆ. ಕನ್ನಡಕ್ಕೂ ಮರಾಠಿಗೂ ಪದ ಒಂದೇ, ಬೇರು ಸಂಸ್ಕೃತದ್ದು. ‘ಹುತ’ ಎಂದರೆ ಬೆಂಕಿಯಲ್ಲಿ ಹೋಮ ಮಾಡಿದ್ದು. ಸೈನಿಕನಿಗೆ ಈ ಪದ ಬಳಸುವಾಗ ಅದು ಬರೀ ಅಲಂಕಾರ. ಬೆಂಕಿ ಆರಿಸಲು ಹೋಗಿ ಸತ್ತವನಿಗೆ ಬಳಸುವಾಗ ಅದು ಅಕ್ಷರಶಃ ಅರ್ಥ ಕೊಡುತ್ತದೆ, ಮತ್ತು ಆ ಅರ್ಥ ಭಯಾನಕವಾಗಿದೆ. ಹೋಮ ಎಂದ ಮೇಲೆ ಅದನ್ನು ಮಾಡಿಸಿದವನೊಬ್ಬ ಇರಬೇಕು. ಹೋಮದ ಫಲ ಯಾರಿಗೆ ಸಲ್ಲುತ್ತದೋ ಅವನನ್ನು ಶಾಸ್ತ್ರದಲ್ಲಿ ಯಜಮಾನ ಎನ್ನುತ್ತಾರೆ. ಕನ್ನಡದಲ್ಲಿ ಅದೇ ಪದಕ್ಕೆ ಮನೆಯೊಡೆಯ, ಕಟ್ಟಡದ ಮಾಲೀಕ, ಧಣಿ ಎಂಬ ಅರ್ಥಗಳು ಬಂದು ಕೂತಿವೆ. ಭಾಷೆ ಇಲ್ಲಿ ಭಾಷಣಕಾರರಿಗಿಂತ ಪ್ರಾಮಾಣಿಕವಾಗಿದೆ. ಪ್ರತಿವರ್ಷ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ನಡೆಯುತ್ತದೆ. 1944ರಲ್ಲಿ ಅದೇ ದಿನ ಬಾಂಬೆಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸ್ಫೋಟಗೊಂಡು 66 ಅಗ್ನಿಶಾಮಕರು ಸತ್ತರು. ಆ ನೆನಪಿಗೆ ಹೂಗುಚ್ಛ ಇಡುತ್ತಾರೆ, ತುತ್ತೂರಿ ಊದುತ್ತಾರೆ, ಎರಡು ನಿಮಿಷ ಮೌನ ಆಚರಿಸುತ್ತಾರೆ. ಮೌನ ಆಚರಿಸುವುದರಲ್ಲಿ ಈ ವ್ಯವಸ್ಥೆಗೆ ಯಾವತ್ತೂ ತೊಂದರೆಯಾಗಿಲ್ಲ.

ಇನ್ನೊಂದು ಪದ ‘ಕುಸಿಯಿತು’. ಅದು ಅಕರ್ಮಕ ಕ್ರಿಯಾಪದ. ಕಟ್ಟಡ ತಾನೇ ಕುಸಿಯುತ್ತದೆ, ಮಳೆ ತಾನೇ ಸುರಿದಂತೆ. ‘ಕೆಡವಿದರು’ ಎಂದರೆ ಯಾರು ಎಂದು ಹೇಳಬೇಕಾಗುತ್ತದೆ, ‘ಕುಸಿಯಿತು’ ಎಂದರೆ ಆ ತಾಪತ್ರಯವಿಲ್ಲ. 2013ರ ಸೆಪ್ಟೆಂಬರ್ 27ರಂದು ಮಝಗಾಂವ್‌ನಲ್ಲಿ ಬಿದ್ದು 61 ಜನರನ್ನು ಕೊಂದ ಕಟ್ಟಡ ಮಹಾನಗರ ಪಾಲಿಕೆ ತನ್ನದೇ ನೌಕರರಿಗೆ ಕೊಟ್ಟಿದ್ದ ವಸತಿ. 2017ರ ಜುಲೈ 25ರಂದು ಘಾಟ್ಕೋಪರ್‌ನ ಸಾಯಿ ಸಿದ್ಧಿ ಕಟ್ಟಡ ಬಿದ್ದು 17 ಜನ ಸತ್ತಾಗ, ನೆಲಮಹಡಿಯ ನರ್ಸಿಂಗ್ ಹೋಮ್ ನವೀಕರಣದಲ್ಲಿ ಕಂಬಗಳನ್ನೇ ತೆಗೆದಿದ್ದರು ಎಂಬ ಆರೋಪ ಬಂತು. ಎರಡೂ ಕಡೆ ಮರುದಿನದ ತಲೆಬರಹ ‘ಕಟ್ಟಡ ಕುಸಿತ’.

ಅಗ್ನಿಶಾಮಕ ಸಿಬ್ಬಂದಿ ಇಂಥ ಅವಶೇಷದ ಕೆಳಗೆ ನುಸುಳುವುದು ಬೇರೆಯವರನ್ನು ಹೊರತೆಗೆಯಲು. ಬೆಂಕಿಯ ಸಂದರ್ಭದಲ್ಲಿ ಕಟ್ಟಡ ಅವರ ಮೇಲೆಯೇ ಬೀಳಬಹುದು. ಹಾಗೆ ಬೀಳುವುದು ವಿಧಿಯಾಟ ಎಂದು ನಂಬಿಸಲಾಗಿದೆ. ಅದಕ್ಕೆ ಲೆಕ್ಕವಿದೆ, ಮತ್ತು ಆ ಲೆಕ್ಕ ಅಂಥ ಕಷ್ಟದ್ದೂ ಅಲ್ಲ.

ಕಾಲಬಾದೇವಿ, ಭೂಲೇಶ್ವರ, ಡೋಂಗ್ರಿಯ ಹಳೇ ಕಟ್ಟಡಗಳನ್ನು ನಿಲ್ಲಿಸಿರುವುದು ಹೆಚ್ಚಾಗಿ ಮರದ ಕಂಬ, ಮರದ ತೊಲೆ. ಉರಿಯುವ ಮರ ಹೊರಗಿನಿಂದ ಒಳಕ್ಕೆ, ನಿಮಿಷಕ್ಕೆ ಸುಮಾರು ಅರ್ಧದಿಂದ ಮುಕ್ಕಾಲು ಮಿಲಿಮೀಟರಿನಷ್ಟು ಇದ್ದಿಲಾಗುತ್ತ ಹೋಗುತ್ತದೆ. 25 ಸೆಂಟಿಮೀಟರ್ ದಪ್ಪದ ಕಂಬ ನಾಲ್ಕೂ ಕಡೆಯಿಂದ ಎರಡು ಗಂಟೆ ಉರಿದರೆ ನಡುವೆ ಉಳಿಯುವ ಗಟ್ಟಿ ಮರ ಏಳರಿಂದ ಹದಿಮೂರು ಸೆಂಟಿಮೀಟರ್. ಅದರ ಮೇಲೆ ಮೂರು ನಾಲ್ಕು ಮಹಡಿ. ರಿಪೇರಿಯ ಹೆಸರಿನಲ್ಲಿ ಅಲ್ಲಲ್ಲಿ ಕಬ್ಬಿಣದ ತೊಲೆ ತೂರಿಸಿರುತ್ತಾರೆ. ಆರು ಮೀಟರ್ ಉದ್ದದ ಉಕ್ಕಿನ ತೊಲೆಯ ಬಿಸಿ 500 ಡಿಗ್ರಿ ಏರಿದರೆ ಅದು ಮೂರೂವರೆ ಸೆಂಟಿಮೀಟರಿನಷ್ಟು ಉದ್ದವಾಗಿ, ತನ್ನನ್ನು ಹೊತ್ತ ಗೋಡೆಯನ್ನೇ ಹೊರಕ್ಕೆ ತಳ್ಳುತ್ತದೆ. ಇನ್ನೂ ಸ್ವಲ್ಪ ಬಿಸಿಯಾದರೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ.

ಇದರ ಮೇಲೆ ನೀರು. ಸಾವಿರ ಲೀಟರ್ ನೀರಿನ ತೂಕ ಒಂದು ಟನ್. ನಿಮಿಷಕ್ಕೆ 500 ಲೀಟರ್ ಬಿಡುವ ಒಂದು ಪೈಪು ಒಂದು ಗಂಟೆಯಲ್ಲಿ 30 ಟನ್ ನೀರನ್ನು ಒಳಗೆ ಸುರಿಯುತ್ತದೆ. ಒಂದಷ್ಟು ಹರಿದುಹೋಗುತ್ತದೆ, ಒಂದಷ್ಟು ಆವಿಯಾಗುತ್ತದೆ. ಉಳಿದದ್ದನ್ನು ಗಾರೆಯ ನೆಲ ಹೀರುತ್ತದೆ. ಕಾಲಬಾದೇವಿ ಬಟ್ಟೆ ವ್ಯಾಪಾರದ ಪೇಟೆ. ಬಟ್ಟೆಯ ಗಂಟು ನೀರು ಕುಡಿದರೆ ಎಷ್ಟು ಭಾರವಾಗುತ್ತದೆ ಎಂದು ಒಗೆಯುವ ಕಲ್ಲಿನ ಮುಂದೆ ನಿಂತ ಯಾರಿಗೂ ಗೊತ್ತು. ಜೀವ ಉಳಿಸಲು ಸುರಿದ ನೀರೇ ಮಹಡಿಯ ಮೇಲೆ ಹೇರಾಗಿ ಕೂರುತ್ತದೆ.

ಬೀಳುವ ಕಟ್ಟಡ ಹಲವು ಬಾರಿ ಮುನ್ಸೂಚನೆ ಕೊಡುತ್ತದೆ. ಗಾರೆಯ ಹುಡಿ ಉದುರುತ್ತದೆ, ಗೋಡೆ ಉಬ್ಬುತ್ತದೆ, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ, ಮರ ನರಳುತ್ತದೆ, ಕಾಲಡಿಯ ನೆಲ ಮೆತ್ತಗಾದಂತೆ ಅನ್ನಿಸುತ್ತದೆ. ಇವುಗಳಲ್ಲಿ ಯಾವುದು ಮೊದಲು ಬಂತು, ಎಷ್ಟು ನಿಮಿಷ ಮುಂಚೆ ಬಂತು, ಯಾರು ಗಮನಿಸಿದರು, ಯಾರಿಗೆ ಹೇಳಿದರು, ಹೇಳಿದ್ದು ವೈರ್‌ಲೆಸ್‌ನಲ್ಲಿ ಕೇಳಿಸಿತೇ? ಯಾವ ಇಂಜಿನಿಯರೂ ಆಮೇಲೆ ಬಂದು ಅವಶೇಷ ಕೆದಕಿ ಇದನ್ನು ತಿಳಿಯಲಾರ. ಇದನ್ನು ಹೇಳಬಲ್ಲವನು ಒಳಗಿದ್ದು ಹೊರಬಂದವನು.

ಇನ್ನು ಗಲ್ಲಿಯ ಅಗಲ. ಬೀಳಬಹುದಾದ ಕಟ್ಟಡದಿಂದ ಅದರ ಎತ್ತರದ ಒಂದೂವರೆ ಪಟ್ಟು ದೂರ ನಿಲ್ಲಬೇಕು ಎಂಬುದು ಈ ಕಸುಬಿನ ಪಾಠ. ಹದಿನೈದು ಮೀಟರ್ ಎತ್ತರಕ್ಕೆ ಇಪ್ಪತ್ತೆರಡು ಮೀಟರಿಗೂ ಹೆಚ್ಚು. ಎದುರಿಗೆ ಒಂದು ಕೈಗಾಡಿ ಬಂದರೆ ಇನ್ನೊಂದು ನಿಂತುಕೊಳ್ಳಬೇಕಾದ ಗಲ್ಲಿಯಲ್ಲಿ ಈ ಪಾಠವನ್ನು ಎಲ್ಲಿ ನಿಂತು ಪಾಲಿಸಬೇಕು? ಅಲ್ಲಿ ಹೊರಗಿದ್ದವನೂ ಒಳಗಿದ್ದಂತೆಯೇ. ‘ಅಧಿಕಾರಿಗಳು ಯಾಕೆ ಅಷ್ಟು ಹತ್ತಿರ ಹೋದರು, ಸರಿಯಾದ ಸೂಟು ಹಾಕಿದ್ದರೇ’ ಎಂದು ಟಿವಿಯಲ್ಲಿ ಕೇಳುವವರು ಒಮ್ಮೆ ಆ ಗಲ್ಲಿಯಲ್ಲಿ ನಡೆದು ಬರಬೇಕು. ಮಧ್ಯಾಹ್ನದ ಹೊತ್ತು ಹೋದರೆ ಇನ್ನೂ ಒಳ್ಳೆಯದು.

ಬದುಕಿ ಬಂದವರನ್ನು ಕೂರಿಸಿ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕ್‌ನ ಉದಾಹರಣೆಯಿದೆ. 2001ರ ಸೆಪ್ಟೆಂಬರ್ 11ರಂದು ಅಲ್ಲಿನ ಅಗ್ನಿಶಾಮಕ ಇಲಾಖೆಯ 343 ಜನ ಸತ್ತರು. ಅದೇ ಅಕ್ಟೋಬರಿನಿಂದ ಇಲಾಖೆ ತನ್ನ ಸಿಬ್ಬಂದಿಯನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸಿತು. ಒಟ್ಟು 503 ಜನ, ಸುಮಾರು 12,000 ಪುಟ. ಆ ಇಲಾಖೆಯನ್ನೂ ದೇವತೆಗಳು ನಡೆಸುತ್ತಿರಲಿಲ್ಲ. ನಗರಾಡಳಿತ ಆ ಪುಟಗಳನ್ನು ಮುಚ್ಚಿಟ್ಟಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಮೊಕದ್ದಮೆ ಹೂಡಿತು, ಸತ್ತವರ ಕೆಲವು ಕುಟುಂಬಗಳೂ ಜೊತೆಗೂಡಿದವು, ಕೊನೆಗೆ ನ್ಯಾಯಾಲಯದ ಆದೇಶದ ಮೇಲೆ 2005ರ ಆಗಸ್ಟಿನಲ್ಲಿ ಅವು ಹೊರಬಂದವು. ದಕ್ಷಿಣದ ಗೋಪುರ 9:59ಕ್ಕೆ ಬಿತ್ತು, ಉತ್ತರದ್ದು 10:28ಕ್ಕೆ. ನಡುವೆ ಇಪ್ಪತ್ತೊಂಬತ್ತು ನಿಮಿಷ. ಪಕ್ಕದ ಗೋಪುರ ಬಿದ್ದುಹೋಗಿದೆ ಎಂಬುದೇ ಉತ್ತರದ ಗೋಪುರದೊಳಗಿದ್ದ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಹೊರಗೆ ಬನ್ನಿ ಎಂಬ ಆದೇಶ ಎಲ್ಲರ ರೇಡಿಯೋಗೂ ತಲುಪಿರಲಿಲ್ಲ. ಆದೇಶ ಕೇಳಿಯೂ ಅವರು ಕದಲಲಿಲ್ಲ, ವೀರರಂತೆ ನಿಂತೇ ಸತ್ತರು ಎಂಬ ಕಥೆ ಅಷ್ಟರಲ್ಲಿ ಚಾಲ್ತಿಗೆ ಬಂದಿತ್ತು. ಆ 503 ಜನರ ಮಾತು ಆ ಕಥೆಯನ್ನು ಕದಡಿತು.

ಅದೇ ಗೋಪುರದ ‘ಬಿ’ ಮೆಟ್ಟಿಲಲ್ಲಿ ಕ್ಯಾಪ್ಟನ್ ಜೇ ಜೋನಾಸ್ ಮತ್ತವರ ತಂಡ ಇತ್ತು. ಪಕ್ಕದ ಗೋಪುರ ಬಿದ್ದದ್ದು ಗೊತ್ತಾದ ಕೂಡಲೇ ಜೋನಾಸ್ 27ನೇ ಮಹಡಿಯಿಂದ ತಂಡವನ್ನು ಕೆಳಗಿಳಿಸಲು ಶುರುಮಾಡಿದರು. ದಾರಿಯಲ್ಲಿ ಕಾಲು ಸೋತು ನಿಂತಿದ್ದ ಜೋಸೆಫೀನ್ ಹ್ಯಾರಿಸ್ ಎಂಬ ಹೆಂಗಸು ಸಿಕ್ಕರು. ಅವರನ್ನು ಹಿಡಿದುಕೊಂಡು ಇಳಿಯುವುದು ನಿಧಾನವಾಯಿತು. ನಾಲ್ಕನೇ ಮಹಡಿಯ ಹತ್ತಿರ ಇದ್ದಾಗ 110 ಮಹಡಿಗಳು ತಲೆಯ ಮೇಲೆ ಬಂದವು. ಆ ಮೆಟ್ಟಿಲಿನ ಒಂದು ತುಂಡು ಮಾತ್ರ ನಿಂತುಕೊಂಡಿತು, ಅವರು ಅದರೊಳಗಿದ್ದರು, ಗಂಟೆಗಟ್ಟಲೆ ಕತ್ತಲೆ ಮತ್ತು ಧೂಳಿನಲ್ಲಿ ಕಳೆದು ಹೊರಬಂದರು. ಪವಾಡ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಆ ಪವಾಡದೊಳಗೆ ಒಂದು ನಿರ್ಧಾರವೂ ಇದೆ. ಆ ಕ್ಯಾಪ್ಟನ್ನಿಗೆ ಒಂದು ಸುದ್ದಿ ಸರಿಯಾದ ಹೊತ್ತಿಗೆ ಸಿಕ್ಕಿತ್ತು, ಅವರು ಅದರ ಮೇಲೆ ನಡೆದುಕೊಂಡರು. ಅದು ಗೊತ್ತಾಗಿರುವುದು ಅವರು ಬದುಕಿ ಉಳಿದು ಬಾಯಿಬಿಟ್ಟದ್ದರಿಂದ.

ಆ ಧೂಳು ಕುಡಿದವರನ್ನೂ ನ್ಯೂಯಾರ್ಕ್ ಎಣಿಸಿತು. ಅಲ್ಲಿ ಅಗ್ನಿಶಾಮಕರ ಆರೋಗ್ಯ ತಪಾಸಣೆಯ ದಾಖಲೆ ಮೊದಲಿನಿಂದಲೂ ಇತ್ತು, ಹಾಗಾಗಿ ದುರಂತದ ಮುಂಚಿನ ಶ್ವಾಸಕೋಶಕ್ಕೂ ಆಮೇಲಿನದಕ್ಕೂ ಇರುವ ವ್ಯತ್ಯಾಸವನ್ನು ಅಂಕಿಯಲ್ಲಿ ತೋರಿಸಲು ಸಾಧ್ಯವಾಯಿತು. ಆ ಧೂಳಿನ ಕಾಯಿಲೆಗಳಿಂದ ಆಮೇಲೆ ಸತ್ತ ಇಲಾಖೆಯವರ ಸಂಖ್ಯೆ 2023ರ ಸೆಪ್ಟೆಂಬರಿನಲ್ಲಿ ಅದೇ 343ಕ್ಕೆ ಬಂದು ನಿಂತಿತು, ಈಗ ಅದನ್ನೂ ದಾಟಿದೆ. ಭೆಂಡಿ ಬಜಾರ್, ಡೋಂಗ್ರಿ, ಕುರ್ಲಾ, ಮಾಲ್ವಣಿಯ ಅವಶೇಷಗಳಲ್ಲಿ ಮಳೆಗಾಲದ ಮೇಲೆ ಮಳೆಗಾಲ ಮಣ್ಣು, ಸುಣ್ಣ, ಸಿಮೆಂಟು ಉಸಿರಾಡಿದ ಮುಂಬೈನ ಜವಾನರ ಎದೆಯ ಲೆಕ್ಕ ಪಾಲಿಕೆಯ ಯಾವ ಪುಟದಲ್ಲಿ ಪ್ರಕಟವಾಗುತ್ತದೆ?

ಬದುಕಿ ಬಂದವನ ಮಾತು ಯಾರಿಗೆ ಬೇಡ ಎಂಬುದನ್ನು ತಿಳಿಯಲು ಮುಂಬೈನ ಹಳೇ ಕಟ್ಟಡಗಳ ಜಾತಕ ನೋಡಬೇಕು. 1947ರ ಬಾಡಿಗೆ ಕಾನೂನು ಬಾಡಿಗೆಯನ್ನು 1940ರ ಮಟ್ಟದಲ್ಲಿ ಕಟ್ಟಿಹಾಕಿತು. ಯುದ್ಧಕಾಲದ ತಾತ್ಕಾಲಿಕ ವ್ಯವಸ್ಥೆ ದಶಕಗಟ್ಟಲೆ ಉಳಿಯಿತು. ಚಹಾದ ಖರ್ಚಿಗೂ ಸಾಲದ ಬಾಡಿಗೆ ಪಡೆಯುವ ಮಾಲೀಕ ರಿಪೇರಿ ಮಾಡಲಿಲ್ಲ. ಪಗಡಿ ಕೊಟ್ಟು ಬಂದ ಬಾಡಿಗೆದಾರ ಬಿಟ್ಟುಹೋಗಲಿಲ್ಲ. ಹೋದರೆ ಈ ಊರಿನಲ್ಲಿ ಇನ್ನೊಂದು ಸೂರು ಎಲ್ಲಿ? 1969ರಲ್ಲಿ ಸರ್ಕಾರ ರಿಪೇರಿಗೆಂದು ಸೆಸ್ ಹಾಕಿ ಮಂಡಳಿ ಮಾಡಿತು. ದ್ವೀಪ ನಗರದ 19,000ಕ್ಕೂ ಹೆಚ್ಚು ಕಟ್ಟಡಗಳು ಅದರಡಿ ಬಂದವು. ಈಗ ಆ ಹೊಣೆ ಮ್ಹಾಡಾದ್ದು. ಮೂವತ್ತು ವರ್ಷ ದಾಟಿದ ಕಟ್ಟಡದ ಗಟ್ಟಿತನದ ತಪಾಸಣೆ ಆಗಬೇಕೆಂಬ ಕಾನೂನು ಪಾಲಿಕೆಯದು. ತೀರಾ ಅಪಾಯದ್ದನ್ನು ‘ಸಿ-1’ ಎಂದು ಗುರುತಿಸಿ ಖಾಲಿ ಮಾಡಿಸಬೇಕು. ಪ್ರತಿ ಮುಂಗಾರಿಗೆ ಮುಂಚೆ ಪಟ್ಟಿ ಹೊರಡುತ್ತದೆ, ನೋಟಿಸು ಅಂಟುತ್ತದೆ, ಜನ ನ್ಯಾಯಾಲಯಕ್ಕೆ ಹೋಗುತ್ತಾರೆ, ಮಳೆ ಬರುತ್ತದೆ. 2019ರ ಜುಲೈ 16ರಂದು ಡೋಂಗ್ರಿಯ ಕೇಸರಬಾಯಿ ಕಟ್ಟಡದ ಭಾಗ ಬಿದ್ದಾಗ, ಅವಶೇಷದಡಿ ಇನ್ನೂ ಜನ ಇರುವಾಗಲೇ, ಬಿದ್ದ ಭಾಗ ಯಾರ ಲೆಕ್ಕದ್ದು ಎಂಬ ವಾದ ಶುರುವಾಗಿತ್ತು.

ಈ ನಾಲ್ಕು ಮೂಲೆಯ ಜಗಳದಲ್ಲಿ ಮಾಲೀಕ, ಬಾಡಿಗೆದಾರ, ಮಂಡಳಿ, ಪಾಲಿಕೆ ಎಲ್ಲರಿಗೂ ವಕೀಲರಿದ್ದಾರೆ. ಐದನೆಯವನಾಗಿ ಒಳಗೆ ಹೋಗುವವನ ಕೈಗೆ ಕಟ್ಟಡದ ನಕ್ಷೆಯಾಗಲಿ, ಹಿಂದಿನ ತಪಾಸಣೆಯ ವರದಿಯಾಗಲಿ ಕೊಟ್ಟು ಕಳಿಸುತ್ತಾರೆಯೇ? ಮೂರನೇ ಮಹಡಿಯಲ್ಲಿ ಯಾರೋ ಗೋಡೆ ಒಡೆದದ್ದು, ಮಾಳಿಗೆಯಲ್ಲಿ ಗೋದಾಮು ಮಾಡಿದ್ದು, ಮೆಟ್ಟಿಲ ಕೆಳಗೆ ಸಿಲಿಂಡರು ಇಟ್ಟದ್ದು ಅವನಿಗೆ ಗೊತ್ತಾಗುವುದು ಹೊಗೆಯೊಳಗೆ ತಡಕಾಡುವಾಗ. ಅವನ ಹೇಳಿಕೆ ಬರೆದುಕೊಂಡರೆ ಅದರ ಪ್ರತಿ ಸಾಲೂ ಈ ನಾಲ್ವರಲ್ಲಿ ಒಬ್ಬರ ವಿರುದ್ಧ ಸಾಕ್ಷಿ.

ತನಿಖೆ ನಡೆಯುವುದೇ ಇಲ್ಲವೇ, ಸಮಿತಿ ಮಾಡುತ್ತಾರಲ್ಲ ಎಂದು ಕೇಳಬಹುದು. ಮಾಡುತ್ತಾರೆ. ಅಂಥ ಸಮಿತಿಯ ಮುಂದೆ ಕೂರುವ ಜವಾನ ತನ್ನ ಮೇಲಧಿಕಾರಿಯ ಎದುರು, ತನ್ನ ಬಡ್ತಿಯ ಎದುರು ಕೂತಿರುತ್ತಾನೆ. ಪತ್ರಿಕೆಯವರ ಜೊತೆ ಅನುಮತಿಯಿಲ್ಲದೆ ಮಾತಾಡಲು ನಡತೆ ನಿಯಮ ಬಿಡುವುದಿಲ್ಲ. ಸಮಿತಿ ಹುಡುಕುವುದು ಯಾರನ್ನು ಅಮಾನತು ಮಾಡಬೇಕೆಂದು. ರೈಲು ಹಳಿ ತಪ್ಪಿದರೆ ಈ ದೇಶದಲ್ಲೇ ಬೇರೆ ಕ್ರಮವಿದೆ. ರೈಲ್ವೆ ಸುರಕ್ಷತಾ ಆಯುಕ್ತರು ಬರುತ್ತಾರೆ, ಅವರು ರೈಲ್ವೆ ಇಲಾಖೆಯ ಕೆಳಗಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗಿದ್ದಾರೆ. ಕಂಡವರು ಬಂದು ಹೇಳಿ ಎಂದು ಸಾರ್ವಜನಿಕ ಪ್ರಕಟಣೆ ಕೊಟ್ಟು ಕೇಳುತ್ತಾರೆ. ವಿಮಾನ ಬಿದ್ದರೆ ತಪ್ಪು ಹೊರಿಸುವುದು ತನಿಖೆಯ ಉದ್ದೇಶವಲ್ಲ ಎಂದು ವರದಿಯ ಮೊದಲಲ್ಲೇ ಅಚ್ಚಾಗಿರುತ್ತದೆ. ಅಮೆರಿಕದಲ್ಲಿ ನಿಯೋಶ್ ಎಂಬ ಕೇಂದ್ರ ಸಂಸ್ಥೆ 1998ರಿಂದ ಕರ್ತವ್ಯದಲ್ಲಿ ಸತ್ತ ಅಗ್ನಿಶಾಮಕರ ಪ್ರಕರಣಗಳನ್ನು ತನಿಖೆ ಮಾಡಿ, ಹೆಸರು ಬಿಟ್ಟು, ವರದಿಯನ್ನು ಎಲ್ಲರಿಗೂ ಓದಲು ಸಿಗುವಂತೆ ಪ್ರಕಟಿಸುತ್ತದೆ. ಯಾವ ಊರಿನ ಯಾವ ಜವಾನನೂ ಅದನ್ನು ಓದಿ, ಮೆತ್ತಗಾದ ನೆಲ ಎಂದರೆ ಎಷ್ಟು ನಿಮಿಷ ಉಳಿದಿದೆ ಎಂದು ಅಂದಾಜು ಮಾಡಬಹುದು. ಭಾರತದಲ್ಲಿ ಅಗ್ನಿಶಾಮಕ ಸೇವೆ ಸಂವಿಧಾನದ ಹನ್ನೆರಡನೇ ಪರಿಚ್ಛೇದದ ಪ್ರಕಾರ ನಗರಾಡಳಿತದ ವಿಷಯಗಳ ಪಟ್ಟಿಯಲ್ಲಿದೆ. ಹೀಗಾಗಿ ಕಾಲಬಾದೇವಿಯಲ್ಲಿ ಕಲಿತ ಪಾಠ ಧಾರವಾಡಕ್ಕೆ ತಲುಪಬೇಕಾದರೆ ಅದನ್ನು ಒಯ್ಯುವ ಅಂಚೆಯೇ ಇಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಬಿದ್ದಾಗ, ದಿನಗಟ್ಟಲೆ ಅದರಡಿ ತೆವಳಿ ಜನರನ್ನು ಎಳೆದು ತಂದವರು ಏನು ಕಲಿತರು ಎಂಬುದು ಮುಂಬೈಗೆ ಹೋಗುವುದು ಹೇಗೆ?

ಇಂಥ ಹೇಳಿಕೆ ಪ್ರಕಟಿಸಿದರೆ ಸತ್ತವರಿಗೆ ಅವಮಾನ, ದಳದ ಸ್ಥೈರ್ಯ ಕುಸಿಯುತ್ತದೆ ಎನ್ನುವ ಹಿರಿಯ ಅಧಿಕಾರಿಗಳಿದ್ದಾರೆ. ಅವರಲ್ಲಿ ಕೆಲವರು ಪ್ರಾಮಾಣಿಕರು. ಸಹೋದ್ಯೋಗಿಯ ಶವ ಹೊತ್ತವರಿಗೆ ಆ ಮಾತನ್ನಾಡುವ ಹಕ್ಕೂ ಇದೆ. ಆದರೆ ಸತ್ತ ಅಧಿಕಾರಿ ಯಾವ ಲೆಕ್ಕದ ಮೇಲೆ ಒಳಗೆ ಹೋದರು, ಯಾರನ್ನು ಹುಡುಕಲು ಹೋದರು, ಎಷ್ಟು ಜನರನ್ನು ಹೊರಗೆ ಕಳಿಸಿ ತಾವು ಹಿಂದುಳಿದರು ಎಂದು ಹೇಳಬಲ್ಲವರು ಜೊತೆಯಲ್ಲಿದ್ದವರು. ಅವರ ಬಾಯಿ ಕಟ್ಟಿದರೆ ಸೂಟಿನ ಗುಂಡಿ ಎಣಿಸುವ ಟಿವಿ ಚರ್ಚೆಯೇ ಕೊನೆಯ ದಾಖಲೆಯಾಗಿ ಉಳಿಯುತ್ತದೆ. ಮಾತಾಡಿದರೆ ಗಾಯ ಕೆದಕಿದಂತೆ ಎಂಬ ವಾದವೂ ಇದೆ. ಮಾತಾಡಬೇಕೋ ಬೇಡವೋ ಎಂದು ಗಾಯಗೊಂಡವನೇ ಹೇಳಲಿ.

ಇದಕ್ಕೆ ಹೊಸ ಮಂತ್ರಾಲಯ ಬೇಕಿಲ್ಲ. ಮಹಾರಾಷ್ಟ್ರಕ್ಕೆ 2006ರ ಅಗ್ನಿ ಸುರಕ್ಷತಾ ಕಾನೂನು ಇದೆ, ಅದಕ್ಕೆ ಒಂದು ನಿಯಮ ಸೇರಿಸಬಹುದು. ಸಿಬ್ಬಂದಿ ಸತ್ತ ಅಥವಾ ಸಿಕ್ಕಿಕೊಂಡ ಪ್ರತಿ ಘಟನೆಯಲ್ಲೂ ಜೊತೆಗಿದ್ದವರನ್ನು ದಳದ ಹೊರಗಿನವರೊಬ್ಬರು ಕೇಳಬೇಕು. ಹೇಳಿದ್ದನ್ನು ಹೇಳಿದವರ ವಿರುದ್ಧ ಬಳಸಕೂಡದು. ಇಂತಿಷ್ಟು ತಿಂಗಳೊಳಗೆ ಹೆಸರು ತೆಗೆದು ಪ್ರಕಟಿಸಬೇಕು, ಮರಾಠಿಯಲ್ಲಿ ಮೊದಲು. ಕಟ್ಟಡದ ಕಡತವನ್ನೂ, ಅಂದರೆ ಯಾವ ವರ್ಷ ಯಾರು ತಪಾಸಣೆ ಮಾಡಿ ಏನು ಬರೆದರು ಎಂಬುದನ್ನೂ, ಅದರ ಜೊತೆಗೇ ಹೊಲಿಯಬೇಕು. ಕೊನೆಯದಕ್ಕೆ ವಿರೋಧ ಎಲ್ಲಿಂದ ಬರುತ್ತದೆ ಎಂದು ನೋಡುತ್ತ ಕೂತರೆ ಸಾಕು, ಅರ್ಧ ತನಿಖೆ ಮುಗಿದಂತೆ.

ಕಾಲಬಾದೇವಿಯಲ್ಲಿ ಅಂದು ಮೂವತ್ತರ ಪ್ರಾಯದಲ್ಲಿ ಪೈಪು ಹಿಡಿದಿದ್ದವನಿಗೆ ಈಗ ನಲವತ್ತು ದಾಟಿದೆ. ಐವತ್ತರ ಹತ್ತಿರವಿದ್ದವರು ಪಿಂಚಣಿ ಪಡೆದು ಊರಿಗೆ ಹೋಗಿರುತ್ತಾರೆ. ಆ ಮರ ಯಾವ ಸದ್ದು ಮಾಡಿತು ಎಂದು ಅವರಿಗೆ ಇನ್ನೂ ನೆನಪಿರುತ್ತದೆ. ಕೇಳಲು ಒಂದು ಕೋಣೆ, ಒಂದು ರೆಕಾರ್ಡರ್, ಎರಡು ಗಂಟೆ ಬೇಕು.